ಎಷ್ಟು ಕತ್ತರಿಸಿದರೆ ಸಾಕು?

ನಮ್ಮ ದೊಡ್ಡಮ್ಮನಿಗೆ ಬಳೆ ಕೊಳ್ಳುವುದು ಪೇಚಿನ ಕೆಲಸ. ಬಲಗೈಗೆ ಎರಡು-ನಾಲ್ಕು, ಎಡಗೈಗೆ ಎರಡು-ಹತ್ತು. ಹಬ್ಬ ಬಂದರೆ ಎರಡೂ ಅಳತೆಯಲ್ಲಿ ಒಂದೊಂದು ಡಜನ್ ಕೊಂಡು, ಕೈಗೆ ಆರಾರು ತೊಟ್ಟು, ಉಳಿದ ಸಣ್ಣ ಬಳೆಗಳನ್ನು ನಮಗೆ ಹಂಚುತ್ತಿದ್ದರು. ದೊಡ್ಡವು ಡಬ್ಬಿಯಲ್ಲೇ ಉಳಿಯುತ್ತಿದ್ದವು, ಅವು ಯಾರ ಕೈಗೂ ನಿಲ್ಲುತ್ತಿರಲಿಲ್ಲ.

1980ರ ದಶಕದಲ್ಲಿ ಅವರ ಎಡ ಸ್ತನದಲ್ಲಿ ಗಂಟು ಕಾಣಿಸಿಕೊಂಡಿತ್ತು. ಆಪರೇಷನ್‌ನಲ್ಲಿ ಸ್ತನದ ಜೊತೆಗೆ ಕಂಕುಳನ್ನೂ ಪೂರ್ತಿ ಕೆರೆದು ತೆಗೆದರು. ಕಾಯಿಲೆ ತಿರುಗಿ ಬರಲಿಲ್ಲ. ಕೈ ಮಾತ್ರ ನಿಧಾನಕ್ಕೆ ಬಾತುಕೊಂಡು, ಕೊನೆತನಕ ಹಾಗೇ ಉಳಿಯಿತು. "ಕೈ ಹೋದರೆ ಹೋಗಲಿ ಬಿಡೇ, ಜೀವ ಉಳೀತಲ್ಲ" ಅನ್ನುತ್ತಿದ್ದರು. ಅದೊಂದು ಚೌಕಾಸಿ ಎಂದೇ ನಾವೆಲ್ಲ ನಂಬಿದ್ದೆವು: ಕೈ ಕೊಟ್ಟು ಜೀವ ಪಡೆದದ್ದು. ಆದರೆ ಆ ಎರಡಕ್ಕೂ ನಿಜಕ್ಕೂ ಸಂಬಂಧ ಇತ್ತೇ? ಕಂಕುಳನ್ನು ಹಾಗೇ ಬಿಟ್ಟಿದ್ದರೆ ಏನಾಗುತ್ತಿತ್ತು?

ಒಬ್ಬ ಹೆಂಗಸಿನ ವಿಷಯದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ, ಸಾವಿರ ಹೆಂಗಸರ ವಿಷಯದಲ್ಲಿ ಸಿಗುತ್ತದೆ. ಸ್ತನ ಮತ್ತು ಗರ್ಭಕೋಶದ ಶಸ್ತ್ರಚಿಕಿತ್ಸೆಯ ಕಳೆದ ಐವತ್ತು ವರ್ಷಗಳ ಸಂಶೋಧನೆಯ ದೊಡ್ಡ ಪಾಲು ಈ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದು. ಎಷ್ಟು ಕತ್ತರಿಸಿದರೆ ಸಾಕು?

ಮೊದಲು, ಅಷ್ಟೊಂದು ಕತ್ತರಿಸಬೇಕು ಎಂಬ ನಂಬಿಕೆ ಬಂದದ್ದು ಎಲ್ಲಿಂದ ಎಂದು ನೋಡಬೇಕು. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಸರ್ಜನ್ ಇದ್ದ. ಆಪರೇಷನ್ ಥಿಯೇಟರ್‌ಗೆ ರಬ್ಬರ್ ಗ್ಲೌಸ್ ತಂದ ಹೆಸರೂ ಇವನದೇ. ತನ್ನ ನರ್ಸ್‌ನ ಕೈ ಔಷಧದ ನೀರಿಗೆ ಸುಲಿದುಹೋಗುತ್ತಿದೆ ಎಂದು ಗ್ಲೌಸ್ ಮಾಡಿಸಿಕೊಟ್ಟ, ಆಮೇಲೆ ಅವಳನ್ನೇ ಮದುವೆಯಾದ. ಈ ಹಾಲ್‌ಸ್ಟೆಡ್ 1894ರಲ್ಲಿ 50 ಹೆಂಗಸರ ವರದಿ ಪ್ರಕಟಿಸಿದ. ಸ್ತನ, ಅದರ ಕೆಳಗಿನ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು, ಎಲ್ಲವನ್ನೂ ಒಂದೇ ಮುದ್ದೆಯಾಗಿ ತೆಗೆಯುವುದು ಅವನ ಕ್ರಮ. ಆ ಕಾಲದ ಯೂರೋಪಿನ ದೊಡ್ಡ ಸರ್ಜನ್‌ಗಳ ಕೈಯಲ್ಲೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಗಾಯದ ಜಾಗದಲ್ಲೇ ಮತ್ತೆ ಗಂಟು ಬರುತ್ತಿತ್ತು. ಇವನ ರೋಗಿಗಳಲ್ಲಿ ಹಾಗಾದದ್ದು ಶೇ. 6 ಮಾತ್ರ.

ಈ ಆಪರೇಷನ್ನಿಗೆ ಬಂದ ಹೆಸರು ರ‍್ಯಾಡಿಕಲ್. ಬೇರು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಅದರ ಹಿಂದಿನ ತರ್ಕ ನಮ್ಮ ಹೊಲದಲ್ಲಿ ಗರಿಕೆ ಕೀಳುವವರ ತರ್ಕವೇ: ಮೇಲೆ ಕಂಡದ್ದನ್ನು ಕುಯ್ದರೆ ಸಾಲದು, ಬೇರು ಹರಿದಷ್ಟು ದೂರ ಅಗೆಯಬೇಕು, ಒಂದು ಗೆಣ್ಣು ಉಳಿದರೂ ಮತ್ತೆ ಚಿಗುರುತ್ತದೆ. ಕ್ಯಾನ್ಸರ್ ಗಂಟಿನಿಂದ ಕಂಕುಳಿಗೆ, ಕಂಕುಳಿನಿಂದ ಮುಂದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹಬ್ಬುತ್ತದೆ, ಮೆಟ್ಟಿಲನ್ನೇ ಕಿತ್ತರೆ ಹಬ್ಬುವುದು ನಿಲ್ಲುತ್ತದೆ. ಕೇಳುವುದಕ್ಕೆ ಎಷ್ಟು ಸರಿ ಅನ್ನಿಸುತ್ತದೆ ನೋಡಿ. ಅದಕ್ಕೇ ಎಂಬತ್ತು ವರ್ಷ ಯಾರೂ ಅದನ್ನು ಗಟ್ಟಿಯಾಗಿ ಪರೀಕ್ಷಿಸಲಿಲ್ಲ.

ಪರೀಕ್ಷಿಸಿದವನು ಪಿಟ್ಸ್‌ಬರ್ಗ್‌ನ ಬರ್ನಾರ್ಡ್ ಫಿಶರ್. ಇವನೂ ಸರ್ಜನ್ನೇ, ಆದರೆ ಲ್ಯಾಬಿನ ಗೀಳು ಹಿಡಿದವನು. ಪೆಥಾಲಜಿಸ್ಟ್ ಆಗಿದ್ದ ತಮ್ಮ ಎಡ್ವಿನ್ ಜೊತೆ ಸೇರಿ ಪ್ರಾಣಿಗಳ ದೇಹದಲ್ಲಿ ಕ್ಯಾನ್ಸರ್ ಕೋಶಗಳು ಹೇಗೆ ಓಡಾಡುತ್ತವೆ ಎಂದು ಗುರುತು ಹಚ್ಚಿ ನೋಡಿದ. ಗ್ರಂಥಿಗಳು ಕಾವಲುಗಾರನಂತೆ ಕೋಶಗಳನ್ನು ತಡೆದು ನಿಲ್ಲಿಸುತ್ತಿರಲಿಲ್ಲ. ಕೋಶಗಳು ಗ್ರಂಥಿಯನ್ನು ದಾಟಿ ರಕ್ತಕ್ಕೆ, ರಕ್ತದಿಂದ ಎಲ್ಲಿ ಬೇಕಾದಲ್ಲಿಗೆ ಹೋಗುತ್ತಿದ್ದವು. ಹಾಗಿದ್ದಲ್ಲಿ ಕಥೆಯೇ ತಿರುಗುಮುರುಗು. ಗಂಟು ಕೈಗೆ ಸಿಗುವ ಹೊತ್ತಿಗೆ ಹೋಗಬೇಕಾದ ಕೋಶಗಳು ಹೋಗಿಯೇ ಇರುತ್ತವೆ, ಇಲ್ಲವೇ ಹೋಗುವ ಜಾತಿಯೇ ಆಗಿರುವುದಿಲ್ಲ. ಎರಡರಲ್ಲಿ ಯಾವುದಾದರೂ ಸರಿ, ಎದೆಯ ಸ್ನಾಯು ಕಿತ್ತು ಆಗುವ ಉಪಕಾರ ಏನೂ ಇಲ್ಲ.

ಇದು ಊಹೆ. ಇದನ್ನು ಮನುಷ್ಯರಲ್ಲಿ ಸಾಬೀತು ಮಾಡುವುದು ಹೇಗೆ? ಹಳೆಯ ದಾಖಲೆ ತೆಗೆದು, ದೊಡ್ಡ ಆಪರೇಷನ್ ಆದವರು ಎಷ್ಟು ಜನ ಬದುಕಿದರು, ಸಣ್ಣದಾದವರು ಎಷ್ಟು ಜನ ಎಂದು ಎಣಿಸಿದರೆ ಆಗದೇ? ಆಗುವುದಿಲ್ಲ. ಸಣ್ಣ ಗಂಟು, ಗಟ್ಟಿ ಮೈ ಇರುವವಳಿಗೆ ಸರ್ಜನ್ ಒಂದು ಬಗೆಯ ಆಪರೇಷನ್ ಆರಿಸಿರುತ್ತಾನೆ, ಕಾಯಿಲೆ ಬಲಿತವಳಿಗೆ ಇನ್ನೊಂದು. ಕೊನೆಗೆ ನಾವು ಹೋಲಿಸುವುದು ಆಪರೇಷನ್‌ಗಳನ್ನಲ್ಲ, ಹೆಂಗಸರನ್ನು. ಈ ಆಯ್ಕೆಯನ್ನು ಸರ್ಜನ್ನಿನ ಕೈಯಿಂದ ಕಿತ್ತುಕೊಳ್ಳಬೇಕು. ಅಂದರೆ ಚೀಟಿ ಎತ್ತಬೇಕು. ಯಾರಿಗೆ ಯಾವ ಆಪರೇಷನ್ ಎಂಬುದನ್ನು ಚೀಟಿಯೇ ನಿರ್ಧರಿಸಿದರೆ ವಯಸ್ಸು, ಗಂಟಿನ ಗಾತ್ರ, ಬಡತನ, ಅದೃಷ್ಟ ಎಲ್ಲವೂ ಎರಡೂ ಗುಂಪಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತದೆ. ಆಮೇಲೆ ಉಳಿಯುವ ವ್ಯತ್ಯಾಸ ಆಪರೇಷನ್ನಿನದ್ದು.

ಮಾತ್ರೆಯ ವಿಷಯದಲ್ಲಿ ಇದು ಸುಲಭ, ನಿಜವಾದ ಮಾತ್ರೆಗೂ ಸಕ್ಕರೆ ಮಾತ್ರೆಗೂ ಒಂದೇ ಬಣ್ಣ ಬಳಿದರೆ ಆಯಿತು. ಚಾಕು ಹಿಡಿದವನ ವಿಷಯದಲ್ಲಿ ಎಷ್ಟು ಕಷ್ಟ ಎಂದು ಯೋಚಿಸಿ. "ಅಮ್ಮಾ, ನಿಮ್ಮ ಸ್ತನ ಉಳಿಸಬೇಕೋ ತೆಗೆಯಬೇಕೋ ನನಗೆ ಗೊತ್ತಿಲ್ಲ, ಚೀಟಿ ಎತ್ತೋಣ" ಎಂದು ಹೇಳುವುದಕ್ಕೆ ಯಾವ ಸರ್ಜನ್ನಿನ ನಾಲಿಗೆ ಏಳುತ್ತದೆ? ಗೊತ್ತಿಲ್ಲ ಎನ್ನುವುದು ಆ ವೃತ್ತಿಯಲ್ಲಿ ಯಾರೂ ಕಲಿಸದ ಮಾತು. ಫಿಶರ್ ಬಹುಕಾಲ ಹೆಣಗಿದ್ದು ಕ್ಯಾನ್ಸರ್ ಜೊತೆಗಲ್ಲ, ತನ್ನ ಸಹೋದ್ಯೋಗಿಗಳ ಜೊತೆಗೆ.

ಅವನ ಮೊದಲ ದೊಡ್ಡ ಟ್ರಯಲ್ 1971ರಲ್ಲಿ ಶುರುವಾಯಿತು. ಹೆಸರು ಬಿ-04. ಕೈಯಾಡಿಸಿ ನೋಡಿದಾಗ ಕಂಕುಳಿನಲ್ಲಿ ಗಂಟು ಸಿಗದ 1,079 ಹೆಂಗಸರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಹಾಲ್‌ಸ್ಟೆಡ್ ಆಪರೇಷನ್. ಇನ್ನೊಂದಕ್ಕೆ ಸ್ತನ ಮಾತ್ರ ತೆಗೆದು ರೇಡಿಯೇಷನ್, ನಮ್ಮ ಕಡೆ ಕರೆಂಟ್ ಕೊಡುವುದು ಅನ್ನುತ್ತಾರಲ್ಲ, ಅದು. ಮೂರನೆಯ ಗುಂಪಿಗೆ ಸ್ತನ ಮಾತ್ರ ತೆಗೆದು ಕಂಕುಳನ್ನು ಮುಟ್ಟದೆ ಬಿಡುವುದು, ಮುಂದೆ ಗಂಟು ಕಂಡರೆ ಆಗ ನೋಡಿಕೊಳ್ಳುವುದು. 25 ವರ್ಷ ಕಾದು ಲೆಕ್ಕ ಹಾಕಿದರು, 2002ರಲ್ಲಿ ಪ್ರಕಟವಾಯಿತು. ಬದುಕಿ ಉಳಿದವರ ಪ್ರಮಾಣದಲ್ಲಿ ಮೂರೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಆ ಟ್ರಯಲ್‌ನ ಒಳಗೆ ಇನ್ನೊಂದು ಅಂಕಿ ಇದೆ. ನನಗೆ ಅದು ತೀರ್ಮಾನಕ್ಕಿಂತ ಹೆಚ್ಚು ಕಾಡುತ್ತದೆ. ಹಾಲ್‌ಸ್ಟೆಡ್ ಆಪರೇಷನ್ ಆದವರ ಕಂಕುಳಿನಿಂದ ತೆಗೆದ ಗ್ರಂಥಿಗಳನ್ನು ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದಾಗ ಸುಮಾರು ಶೇ. 40 ಹೆಂಗಸರಲ್ಲಿ ಕ್ಯಾನ್ಸರ್ ಕೋಶ ಸಿಕ್ಕಿತ್ತು. ಚೀಟಿ ಎತ್ತಿ ಹಂಚಿದ್ದರಿಂದ ಮೂರನೆಯ ಗುಂಪಿನಲ್ಲೂ ಅಷ್ಟೇ ಜನರಿಗೆ ಕಂಕುಳಿನಲ್ಲಿ ಕ್ಯಾನ್ಸರ್ ಇದ್ದಿರಬೇಕು. ಅವರದನ್ನು ಯಾರೂ ಮುಟ್ಟಲಿಲ್ಲ. ಆದರೂ ಮುಂದೆ ಕಂಕುಳಿನಲ್ಲಿ ಗಂಟು ಎದ್ದು ಆಪರೇಷನ್ ಬೇಕಾದದ್ದು ಶೇ. 19ರಷ್ಟು ಜನರಿಗೆ ಮಾತ್ರ. ಉಳಿದವರ ಕಂಕುಳಿನ ಕ್ಯಾನ್ಸರ್ ಎಲ್ಲಿಗೆ ಹೋಯಿತು? ದೇಹವೇ ಅದನ್ನು ಅಡಗಿಸಿತೋ, ಅದು ತಲೆ ಎತ್ತದೆ ಕೂತಿತೋ. ಗರಿಕೆಯ ಲೆಕ್ಕ ಇಲ್ಲಿ ತಪ್ಪಿತು. ಬೇರು ಮಣ್ಣಿನಲ್ಲಿತ್ತು, ಚಿಗುರಲಿಲ್ಲ.

1976ರಲ್ಲಿ ಶುರುವಾದ ಬಿ-06 ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗಂಟು ನಾಲ್ಕು ಸೆಂಟಿಮೀಟರ್ ಒಳಗಿದ್ದರೆ ಸ್ತನವನ್ನೇ ತೆಗೆಯಬೇಕೇ, ಗಂಟನ್ನಷ್ಟೇ ತೆಗೆದರೆ ಸಾಲದೇ? 1,851 ಹೆಂಗಸರು, 20 ವರ್ಷ. ಬದುಕುಳಿಯುವ ವಿಷಯದಲ್ಲಿ ಮತ್ತೆ ವ್ಯತ್ಯಾಸವಿಲ್ಲ. ಆದರೆ ಇಲ್ಲಿ ಒಂದು ಷರತ್ತು ಹೊರಬಿತ್ತು, ಅದನ್ನು ಬಿಟ್ಟು ಈ ಕಥೆ ಹೇಳುವುದು ಅಪಾಯ. ಗಂಟು ಮಾತ್ರ ತೆಗೆದು ಸುಮ್ಮನಾದವರಲ್ಲಿ ಶೇ. 39.2 ಜನರಿಗೆ ಅದೇ ಸ್ತನದಲ್ಲಿ ಮತ್ತೆ ಗಂಟು ಬಂತು, ಗಂಟು ತೆಗೆದು ರೇಡಿಯೇಷನ್ನನ್ನೂ ಕೊಟ್ಟವರಲ್ಲಿ ಶೇ. 14.3 ಜನರಿಗೆ. ಸ್ತನ ಉಳಿಸುವುದು ಅಂದರೆ ಅರ್ಧ ಆಪರೇಷನ್ ಮಾಡುವುದಲ್ಲ. ಚಾಕು ಬಿಟ್ಟ ಕೆಲಸವನ್ನು ರೇಡಿಯೇಷನ್ ಮುಗಿಸಲೇಬೇಕು. ಇತ್ತ ಇಟಲಿಯ ಮಿಲಾನ್‌ನಲ್ಲಿ ಉಂಬರ್ಟೊ ವೆರೊನೇಸಿ 701 ಹೆಂಗಸರಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆ ಕೇಳಿ ಇದೇ ಉತ್ತರ ಪಡೆದಿದ್ದ.

ಫಿಶರ್ ಕಥೆಯಲ್ಲಿ ಒಂದು ಕಹಿ ಅಧ್ಯಾಯವೂ ಇದೆ. ಟ್ರಯಲ್‌ಗೆ ರೋಗಿಗಳನ್ನು ಕಳಿಸುತ್ತಿದ್ದ ಮಾಂಟ್ರಿಯಲ್‌ನ ಒಬ್ಬ ಸರ್ಜನ್ ಕೆಲವರ ದಾಖಲೆ ತಿದ್ದಿದ್ದು 1994ರಲ್ಲಿ ಪತ್ರಿಕೆಗಳಿಗೆ ಸಿಕ್ಕಿತು. ಗುಲ್ಲೆದ್ದು ಫಿಶರ್‌ನನ್ನು ಅವನೇ ಬೆಳೆಸಿದ ಸಂಘಟನೆಯ ನಾಯಕತ್ವದಿಂದ ಇಳಿಸಿದರು. ಆ ಆಸ್ಪತ್ರೆಯ ರೋಗಿಗಳನ್ನೆಲ್ಲ ಹೊರಗಿಟ್ಟು ಮತ್ತೆ ಲೆಕ್ಕ ಹಾಕಿದರೂ ತೀರ್ಮಾನ ಕದಲಲಿಲ್ಲ. ವಿಚಾರಣೆಯಲ್ಲಿ ಫಿಶರ್ ನಿರ್ದೋಷಿ ಎಂದಾಯಿತು, 1997ರಲ್ಲಿ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. 2019ರಲ್ಲಿ ತೀರಿಕೊಂಡಾಗ ಅವನಿಗೆ 101 ವರ್ಷ.

ದೊಡ್ಡಮ್ಮನ ಕೈಗೆ ಬರೋಣ. ಕೈ ಬಾಯುವುದೇಕೆ? ರಕ್ತನಾಳಗಳಿಂದ ಜಿನುಗಿದ ನೀರಿನಂಶವನ್ನು ಮರಳಿ ರಕ್ತಕ್ಕೆ ಸೇರಿಸುವುದಕ್ಕೆ ಮೈತುಂಬ ಸಣ್ಣ ಸಣ್ಣ ಕೊಳವೆಗಳಿವೆ, ಗದ್ದೆಯ ಬಸಿಗಾಲುವೆಗಳ ಹಾಗೆ. ಅದರಲ್ಲಿ ಹರಿಯುವುದು ದುಗ್ಧರಸ. ದಾರಿಯಲ್ಲಿ ಅಲ್ಲಲ್ಲಿ ಸೋಸುಕಟ್ಟೆಗಳಂತೆ ಕೂತಿರುವುವು ದುಗ್ಧರಸ ಗ್ರಂಥಿಗಳು. ಸ್ತನದ್ದೂ ತೋಳಿನದ್ದೂ ಬಸಿಗಾಲುವೆ ಹಾದುಹೋಗುವುದು ಕಂಕುಳಿನ ಮೂಲಕವೇ. ಸ್ತನದ ಸಲುವಾಗಿ ಕಂಕುಳನ್ನು ಕೆರೆದರೆ ತೋಳಿನ ನೀರಿಗೂ ದಾರಿ ಮುಚ್ಚುತ್ತದೆ. ಗದ್ದೆ ಜೌಗಾಗುತ್ತದೆ.

ಹಾಗಾದರೆ ಕಂಕುಳಿಗೆ ಕಾಯಿಲೆ ಬಂದಿದೆಯೋ ಇಲ್ಲವೋ ಎಂದು ಪೂರ್ತಿ ಕೆರೆಯದೆ ತಿಳಿಯುವುದು ಹೇಗೆ? 1990ರ ದಶಕದ ಮೊದಲಲ್ಲಿ ಡೇವಿಡ್ ಕ್ರ್ಯಾಗ್ ಎಂಬಾತ ವಿಕಿರಣ ಸೂಸುವ ದ್ರವ ಬಳಸಿ, ಕ್ಯಾಲಿಫೋರ್ನಿಯಾದ ಅರ್ಮಾಂಡೊ ಜೂಲಿಯಾನೊ ನೀಲಿ ಬಣ್ಣ ಬಳಸಿ ದಾರಿ ತೋರಿಸಿದರು. ಗಂಟಿನ ಸುತ್ತ ಬಣ್ಣ ಚುಚ್ಚಿದರೆ ಅದು ಬಸಿಗಾಲುವೆ ಹಿಡಿದು ಕಂಕುಳಿಗೆ ಹೋಗಿ ಮೊದಲು ಒಂದೆರಡು ಗ್ರಂಥಿಗಳಲ್ಲಿ ನಿಲ್ಲುತ್ತದೆ. ಕ್ಯಾನ್ಸರ್ ಹೋದರೂ ಮೊದಲು ಅಲ್ಲಿಗೇ ಹೋಗಬೇಕು. ಊರ ಬಾಗಿಲಲ್ಲಿ ನಿಂತ ಈ ತಳವಾರನನ್ನು ಮಾತ್ರ ತೆಗೆದು ನೋಡಿದರೆ ಸಾಕು. ಅದರಲ್ಲಿ ಏನೂ ಇಲ್ಲದಿದ್ದರೆ ಉಳಿದ ಕಂಕುಳಿಗೆ ಕೈ ಹಾಕುವಂತಿಲ್ಲ.

ತಳವಾರನಲ್ಲೇ ಕ್ಯಾನ್ಸರ್ ಸಿಕ್ಕರೆ? ಆಗಲಾದರೂ ಪೂರ್ತಿ ಕೆರೆಯಬೇಕಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು. ಜೂಲಿಯಾನೊ ಅದನ್ನೂ ಚೀಟಿಗೆ ಹಾಕಿದ. ಒಂದು ಅಥವಾ ಎರಡು ಗ್ರಂಥಿಯಲ್ಲಿ ಕ್ಯಾನ್ಸರ್ ಇದ್ದ, ಸ್ತನ ಉಳಿಸಿ ರೇಡಿಯೇಷನ್ ಪಡೆಯಲಿದ್ದ 891 ಹೆಂಗಸರಲ್ಲಿ ಅರ್ಧದಷ್ಟು ಜನರ ಕಂಕುಳನ್ನು ಹಾಗೇ ಬಿಟ್ಟರು. ಕೆರೆದವರಲ್ಲಿ ನೋಡಿದಾಗ ಶೇ. 27 ಜನರಿಗೆ ಇನ್ನೂ ಹೆಚ್ಚಿನ ಗ್ರಂಥಿಗಳಲ್ಲಿ ಕ್ಯಾನ್ಸರ್ ಇತ್ತು, ಅಂದರೆ ಬಿಟ್ಟವರಲ್ಲೂ ಇದ್ದಿರಬೇಕು. ಹತ್ತು ವರ್ಷ ಕಳೆದ ಮೇಲೆ ಬದುಕಿದ್ದವರು: ಕೆರೆದ ಗುಂಪಿನಲ್ಲಿ ಶೇ. 83.6, ಬಿಟ್ಟ ಗುಂಪಿನಲ್ಲಿ ಶೇ. 86.3. ಈ ಟ್ರಯಲ್‌ಗೆ 1,900 ಜನರನ್ನು ಸೇರಿಸುವ ಯೋಜನೆಯಿತ್ತು, ಅರ್ಧದಷ್ಟೂ ಸೇರದೆ ನಿಲ್ಲಿಸಬೇಕಾಯಿತು. ಆ ಕಾರಣಕ್ಕೆ ಅದನ್ನು ಬಹಳ ದಿನ ಅನುಮಾನದಿಂದ ನೋಡಿದವರಿದ್ದಾರೆ, ಅದು ನ್ಯಾಯವೇ. ಆದರೆ ಆಮೇಲಿನ ಟ್ರಯಲ್‌ಗಳೂ ಅದೇ ದಿಕ್ಕಿಗೆ ಕೈ ತೋರಿಸಿವೆ.

ಇದೇ ಸೋಜಿಗ ಹೊಟ್ಟೆಯೊಳಗೂ ನಡೆಯಿತು. ಅಂಡಾಶಯದ ಕ್ಯಾನ್ಸರ್ ಬಹಳ ಸಲ ಹೊಟ್ಟೆ ತುಂಬ ಹರಡಿದ ಮೇಲೆಯೇ ಗೊತ್ತಾಗುತ್ತದೆ. ಆಪರೇಷನ್ನಿನಲ್ಲಿ ಕಣ್ಣಿಗೆ ಕಂಡದ್ದನ್ನೆಲ್ಲ ತೆಗೆಯಬೇಕು ಎಂಬುದರಲ್ಲಿ ತಕರಾರಿಲ್ಲ. ತಕರಾರು ಇದ್ದದ್ದು ನೋಡುವುದಕ್ಕೆ ಚೆನ್ನಾಗಿಯೇ ಇರುವ ಗ್ರಂಥಿಗಳ ಬಗ್ಗೆ. ಬೆನ್ನುಮೂಳೆಯ ಮುಂದೆ, ದೊಡ್ಡ ರಕ್ತನಾಳಗಳ ಅಕ್ಕಪಕ್ಕ ಕೂತ ಅವನ್ನೂ ಬಿಡಿಸಿ ತೆಗೆಯಬೇಕೇ? ಜರ್ಮನಿಯ ಎಸ್ಸೆನ್‌ನ ಫಿಲಿಪ್ ಹಾರ್ಟರ್ ಮುಂದಾಳತ್ವದ ಲಯನ್ ಟ್ರಯಲ್ 647 ಹೆಂಗಸರಲ್ಲಿ ಅದನ್ನು ಕೇಳಿತು, 2019ರಲ್ಲಿ ಉತ್ತರ ಬಂತು. ಚೆನ್ನಾಗಿ ಕಾಣುತ್ತಿದ್ದ ಗ್ರಂಥಿಗಳನ್ನು ತೆಗೆದವರಲ್ಲಿ ಶೇ. 55.7 ಜನರ ಗ್ರಂಥಿಗಳಲ್ಲಿ ಕ್ಯಾನ್ಸರ್ ಅಡಗಿತ್ತು. ಅರ್ಧಕ್ಕಿಂತ ಹೆಚ್ಚು! ಇಷ್ಟು ಗೊತ್ತಾದರೆ ಯಾವ ಸರ್ಜನ್ ತಾನೇ ಬಿಟ್ಟಾನು? ಆದರೆ ತೆಗೆದವರು ಹೆಚ್ಚು ಕಾಲ ಬದುಕಲಿಲ್ಲ. ಸೋಂಕು ಹೆಚ್ಚಾಯಿತು. ಆಪರೇಷನ್ ಆದ 60 ದಿನದೊಳಗೆ ತೀರಿಕೊಂಡವರು ತೆಗೆಯದ ಗುಂಪಿನಲ್ಲಿ ಶೇ. 0.9, ತೆಗೆದ ಗುಂಪಿನಲ್ಲಿ ಶೇ. 3.1.

ಇಲ್ಲಿಯವರೆಗೆ ಓದಿದವರಿಗೆ ಕಡಿಮೆ ಕತ್ತರಿಸಿದಷ್ಟೂ ಒಳ್ಳೆಯದು ಅನ್ನಿಸಿರಬಹುದು. ವೈದ್ಯಲೋಕಕ್ಕೂ ಹಾಗೇ ಅನ್ನಿಸಿತ್ತು. ಅದಕ್ಕೆ ಪೆಟ್ಟು ಬಿದ್ದದ್ದು 2018ರಲ್ಲಿ, ಗರ್ಭಕೊರಳಿನ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ವಿಷಯದಲ್ಲಿ.

ಗರ್ಭಕೊರಳಿನ ಕ್ಯಾನ್ಸರ್‌ಗೂ ಒಂದು ರ‍್ಯಾಡಿಕಲ್ ಆಪರೇಷನ್ ಇದೆ. ವಿಯೆನ್ನಾದ ಅರ್ನ್‌ಸ್ಟ್ ವರ್ಟ್‌ಹೈಮ್ 1898ರಲ್ಲಿ ಶುರುಮಾಡಿದ್ದು. ಗರ್ಭಕೋಶದ ಜೊತೆ ಅದರ ಎರಡೂ ಪಕ್ಕದ ಅಂಗಾಂಶ, ಯೋನಿಯ ಮೇಲ್ಭಾಗ, ಗ್ರಂಥಿಗಳು ಎಲ್ಲವನ್ನೂ ತೆಗೆಯುವುದು. ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು ಮಾಡುತ್ತಿದ್ದ ಇದನ್ನು 1990ರ ದಶಕದಿಂದ ಲ್ಯಾಪ್ರೊಸ್ಕೋಪಿಯಲ್ಲಿ, ಆಮೇಲೆ ರೋಬೋಟ್‌ನಲ್ಲಿ ಮಾಡತೊಡಗಿದರು. ಹೊಟ್ಟೆಯ ಮೇಲೆ ಬೆರಳು ತೂರುವಷ್ಟು ನಾಲ್ಕೈದು ತೂತು, ರಕ್ತ ಹೋಗುವುದು ಕಡಿಮೆ, ಬೇಗ ಮನೆಗೆ. ಒಳಗೆ ತೆಗೆಯುವುದು ಅಷ್ಟೇ, ಬಾಗಿಲು ಮಾತ್ರ ಚಿಕ್ಕದು. ಇದರಲ್ಲಿ ಏನು ತೊಂದರೆ ಇದ್ದೀತು?

ಅಮೆರಿಕದ ಹ್ಯೂಸ್ಟನ್‌ನ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಸೆಂಟರ್‌ನ ಪೆಡ್ರೊ ರಮಿರೆಜ್ ಇದನ್ನು ಚೀಟಿಗೆ ಹಾಕಿದಾಗ ಗುರಿಯಿದ್ದದ್ದು ಸಣ್ಣ ತೂತಿನ ಆಪರೇಷನ್ ದೊಡ್ಡದಕ್ಕಿಂತ ಕಡಿಮೆಯೇನಲ್ಲ ಎಂದು ತೋರಿಸುವುದಷ್ಟೇ. ಕೈ ಪಳಗದ ಸರ್ಜನ್‌ಗಳಿಂದ ಹೆಸರು ಕೆಡಬಾರದೆಂದು, ಸೇರುವ ಪ್ರತಿ ಆಸ್ಪತ್ರೆಯೂ ತಾನು ಮಾಡಿದ ಹತ್ತು ಕೇಸುಗಳ ವಿವರ ಮತ್ತು ಎಡಿಟ್ ಮಾಡದ ಎರಡು ಪೂರ್ತಿ ವಿಡಿಯೊ ಕಳಿಸಬೇಕಿತ್ತು. 33 ಆಸ್ಪತ್ರೆಗಳು, 631 ಹೆಂಗಸರು. ರೋಗಿಗಳ ಸುರಕ್ಷತೆ ನೋಡಿಕೊಳ್ಳುವ ಸಮಿತಿ ನಡುವೆ ಲೆಕ್ಕ ತೆಗೆದು ನೋಡಿ, ಇನ್ನು ಯಾರನ್ನೂ ಸೇರಿಸಬೇಡಿ ಎಂದಿತು. ಕಾಯಿಲೆ ಮರಳಿದ್ದು ಹೊಟ್ಟೆ ಕೊಯ್ದ 312 ಜನರಲ್ಲಿ 7 ಜನಕ್ಕೆ, ತೂತಿನ ಮೂಲಕ ಮಾಡಿಸಿಕೊಂಡ 319 ಜನರಲ್ಲಿ 27 ಜನಕ್ಕೆ. ಸತ್ತವರು ಆ ಕಡೆ 3, ಈ ಕಡೆ 19.

ಇಪ್ಪತ್ತೇಳು, ಏಳು. ಅಂಕಿಗಳು ಸಣ್ಣವು. ಯಾವ ಒಬ್ಬ ಸರ್ಜನ್ನೂ ತನ್ನ ಅನುಭವದಿಂದ ಇದನ್ನು ಕಂಡುಹಿಡಿಯಲಾರ ಎಂಬುದನ್ನು ಗಮನಿಸಿ. ವರ್ಷಕ್ಕೆ ಹದಿನೈದು ಇಪ್ಪತ್ತು ಇಂಥ ಆಪರೇಷನ್ ಮಾಡುವವನಿಗೆ ಒಂದು ಕೇಸು ಮರಳಿದರೆ ದುರದೃಷ್ಟ ಅನ್ನಿಸುತ್ತದೆ. ಅವನ ಕಣ್ಣೆದುರು ಇರುವುದು ಮೂರನೇ ದಿನಕ್ಕೆ ನಡೆದುಕೊಂಡು ಮನೆಗೆ ಹೋದ ನೂರಾರು ಹೆಂಗಸರು. ನಂಬಿಕೆ ಸುಳ್ಳಾಗಿರಲಿಲ್ಲ, ಅದು ನೋಡುತ್ತಿದ್ದದ್ದು ಬೇರೆ ಕಡೆ.

ಯಾಕೆ ಹೀಗಾಯಿತು? ಗುಮಾನಿಗಳಿವೆ. ಲ್ಯಾಪ್ರೊಸ್ಕೋಪಿಯಲ್ಲಿ ಗರ್ಭಕೋಶವನ್ನು ಅತ್ತಿತ್ತ ಅಲುಗಿಸುವುದಕ್ಕೆ ಕೆಳಗಿನಿಂದ ಒಂದು ಉಪಕರಣ ತೂರಿಸುತ್ತಾರೆ, ಅದು ನೇರ ಗರ್ಭಕೊರಳಿನ ಗಡ್ಡೆಯನ್ನು ಸವರಿಕೊಂಡೇ ಹೋಗಬೇಕು. ಹೊಟ್ಟೆ ಉಬ್ಬಿಸಲು ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಆ ಗಾಳಿ ತುಂಬಿದ ಹೊಟ್ಟೆಯೊಳಗೇ ಯೋನಿಯ ಮೇಲ್ಭಾಗವನ್ನು ಕತ್ತರಿಸಿದಾಗ ಗಡ್ಡೆಯ ಮೈ ಒಳಗೆ ತೆರೆದುಕೊಳ್ಳುತ್ತದೆ. ಹೊಟ್ಟೆ ಕೊಯ್ದು ಮಾಡುವಾಗ ಈ ಮೂರರಲ್ಲಿ ಯಾವುದೂ ಹೀಗೆ ಕೂಡಿ ಬರುವುದಿಲ್ಲ. ಗಡ್ಡೆಯನ್ನು ಮೊದಲೇ ಯೋನಿಯ ಚೀಲದಲ್ಲಿ ಹೊಲಿದು ಮುಚ್ಚಿ, ಅಲುಗಿಸುವ ಉಪಕರಣ ಬಿಟ್ಟು ರೋಬೋಟ್‌ನಲ್ಲಿ ಮಾಡಿದರೆ ಹೇಗೆ ಎಂದು ಹೊಸ ಟ್ರಯಲ್‌ಗಳು ಶುರುವಾಗಿವೆ. ಅವುಗಳ ಉತ್ತರ ಬರುವವರೆಗೆ ಹಳೆಯ ಉದ್ದ ಗಾಯವೇ ಗೆದ್ದದ್ದು.

ಇದನ್ನು ಓದಿ ಗರ್ಭಕೋಶದ ಎಲ್ಲ ಲ್ಯಾಪ್ರೊಸ್ಕೋಪಿಗೂ ಹೆದರಬೇಕಿಲ್ಲ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಬೇರೆಯೇ ಕಾಯಿಲೆ, ಅಲ್ಲಿ ಗಡ್ಡೆ ದಪ್ಪ ಸ್ನಾಯುವಿನ ಚೀಲದೊಳಗೆ ಕೂತಿರುತ್ತದೆ. ಅಮೆರಿಕದಲ್ಲಿ 2,616 ಹೆಂಗಸರಲ್ಲಿ ನೋಡಿದಾಗ ಐದು ವರ್ಷಕ್ಕೆ ಬದುಕಿದ್ದವರು ಎರಡೂ ಗುಂಪಿನಲ್ಲಿ ಶೇ. 89.8, ದಶಾಂಶ ಚಿಹ್ನೆಯವರೆಗೂ ಒಂದೇ. ಫೈಬ್ರಾಯ್ಡ್ ಮೊದಲಾದ ಕ್ಯಾನ್ಸರ್ ಅಲ್ಲದ ತೊಂದರೆಗಳಂತೂ ಈ ವಾದದೊಳಗೆ ಬರುವುದೇ ಇಲ್ಲ. ಅದೇ ಅಂಗ, ಅದೇ ಸಲಕರಣೆ. ಗಡ್ಡೆ ನಾಲ್ಕು ಬೆರಳು ಮೇಲಿದೆಯೋ ಕೆಳಗಿದೆಯೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಆಮೇಲೆ 2024ರಲ್ಲಿ ಲೋಲಕ ಇನ್ನೊಂದು ಬದಿಗೆ ತೂಗಿತು. ಕೆನಡಾದ ಮೇರಿ ಪ್ಲಾಂಟ್ ಕೇಳಿದ್ದು ಬಾಗಿಲಿನ ಗಾತ್ರದ ಬಗ್ಗೆ ಅಲ್ಲ, ಒಳಗೆ ತೆಗೆಯುವ ಪ್ರಮಾಣದ ಬಗ್ಗೆ. ಗರ್ಭಕೊರಳಿನ ಗಡ್ಡೆ ಎರಡು ಸೆಂಟಿಮೀಟರ್ ದಾಟದೆ, ಆಳಕ್ಕೆ ಇಳಿಯದೆ ಇದ್ದರೆ ವರ್ಟ್‌ಹೈಮ್ ಹೇಳಿದ ಅಕ್ಕಪಕ್ಕದ ಅಂಗಾಂಶ ತೆಗೆಯಬೇಕೇ? ಮೂತ್ರಕೋಶಕ್ಕೆ ಹೋಗುವ ನರಗಳು ಹಾದುಹೋಗುವುದು ಅಲ್ಲೇ. ಅವು ತುಂಡಾದರೆ ಕೆಮ್ಮಿದರೆ ಮೂತ್ರ ಸೋರುವುದು, ಇಲ್ಲವೇ ಎಷ್ಟು ಹೊತ್ತು ಕೂತರೂ ಹೊರಡದೆ ಇರುವುದು. 700 ಹೆಂಗಸರಲ್ಲಿ ಮೂರು ವರ್ಷ ನೋಡಿದಾಗ ಕಿಬ್ಬೊಟ್ಟೆಯಲ್ಲಿ ಕಾಯಿಲೆ ಮರಳಿದ್ದು ಪೂರ್ತಿ ತೆಗೆದವರಲ್ಲಿ ಶೇ. 2.17, ಗರ್ಭಕೋಶವನ್ನಷ್ಟೇ ತೆಗೆದವರಲ್ಲಿ ಶೇ. 2.52. ಮೂತ್ರ ಹೊರಡದ ತೊಂದರೆ ನಾಲ್ಕು ವಾರ ಕಳೆದ ಮೇಲೂ ಉಳಿದದ್ದು ಮೊದಲನೆಯವರಲ್ಲಿ ಶೇ. 9.9, ಎರಡನೆಯವರಲ್ಲಿ ಶೇ. 0.6.

ಈ ಅಂಕಿಗಳನ್ನು ಹಾಗೇ ಎತ್ತಿಕೊಂಡು ಬಂದು ನಮ್ಮಲ್ಲಿ ಊರುವುದಕ್ಕೆ ಆಗುವುದಿಲ್ಲ. ಎರಡು ಸೆಂಟಿಮೀಟರ್ ಗಡ್ಡೆ ಸಿಗಬೇಕಾದರೆ ಯಾರಾದರೂ ಹುಡುಕಿರಬೇಕು. ತಾನಾಗಿ ಬಂದು ತೋರಿಸಿಕೊಳ್ಳುವ ಹೊತ್ತಿಗೆ ನಮ್ಮ ಎಷ್ಟೋ ಹೆಂಗಸರ ಗರ್ಭಕೊರಳಿನ ಕ್ಯಾನ್ಸರ್ ಆಪರೇಷನ್ನಿನ ಹಂತ ದಾಟಿರುತ್ತದೆ, ಅವರಿಗೆ ಕೊಡುವುದು ರೇಡಿಯೇಷನ್ ಮತ್ತು ಕೀಮೋ. ಸ್ತನದ ವಿಷಯದಲ್ಲಿ ಅಡ್ಡಿ ಬೇರೆ ಥರದ್ದು. ಸ್ತನ ಉಳಿಸಿದರೆ ರೇಡಿಯೇಷನ್ ಬೇಕೇ ಬೇಕು ಅಂದೆನಲ್ಲ, ಫಿಶರ್ ಕಾಲದಲ್ಲಿ ಅದು ಐದು ವಾರದ ಕೆಲಸ. ಯಂತ್ರ ಇರುವುದು ದೊಡ್ಡ ಊರಿನಲ್ಲಿ. ರಾಯಚೂರು ಕಡೆಯ ಒಬ್ಬ ಹೆಂಗಸು ಬೆಂಗಳೂರಿನ ಕಿದ್ವಾಯಿಯ ಧರ್ಮಶಾಲೆಯಲ್ಲಿ ಐದು ವಾರ ಇರಬೇಕೆಂದರೆ ಜೊತೆಗೆ ಒಬ್ಬರು ಕೂಲಿ ಬಿಟ್ಟು ಇರಬೇಕು, ಊರಿನಲ್ಲಿ ಮಕ್ಕಳಿಗೆ ಅಡುಗೆ ಯಾರು? "ಪೂರ್ತಿ ತೆಗೆದುಬಿಡಿ ಡಾಕ್ಟ್ರೇ, ಒಂದೇ ಸಲ ಮುಗಿದುಹೋಗಲಿ" ಎಂಬ ಮಾತಿನ ಹಿಂದೆ ಹೆದರಿಕೆಯಷ್ಟೇ ಇರುವುದಿಲ್ಲ, ಬಸ್ ಚಾರ್ಜೂ ಇರುತ್ತದೆ. ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಟ್ರಯಲ್ 4,096 ರೋಗಿಗಳಲ್ಲಿ ಮೂರು ವಾರದ ರೇಡಿಯೇಷನ್ನನ್ನು ಐದೇ ದಿನಕ್ಕೆ ಇಳಿಸಬಹುದೆಂದು 2020ರಲ್ಲಿ ತೋರಿಸಿತು. ಸ್ತನ ಉಳಿಸುವ ಆಪರೇಷನ್ನಿಗೆ ನಮ್ಮಂಥ ಕಡೆ ಅದಕ್ಕಿಂತ ದೊಡ್ಡ ಸಹಾಯ ಸರ್ಜನ್‌ಗಳಿಂದ ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ಪ್ರಶ್ನೆಗಳನ್ನು ನಾವೇ ಚೀಟಿಗೆ ಹಾಕಬೇಕು ಎಂದು ಹಟ ಹಿಡಿದವರಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಸರ್ಜನ್ ರಾಜೇಂದ್ರ ಬಡ್ವೆ ಮುಖ್ಯರು. ಕ್ಯಾನ್ಸರ್ ಆಗಲೇ ಮೂಳೆಗೋ ಶ್ವಾಸಕೋಶಕ್ಕೋ ಹೋಗಿರುವಾಗ ಸ್ತನದ ಮೂಲ ಗಂಟನ್ನು ತೆಗೆದರೆ ಆಯುಸ್ಸು ಹೆಚ್ಚುತ್ತದೆಯೇ? ಹಳೆಯ ದಾಖಲೆಗಳು ಹೌದು ಅನ್ನುತ್ತಿದ್ದವು. ಕೀಮೋಗೆ ಬಗ್ಗಿದ 350 ಹೆಂಗಸರಲ್ಲಿ ಬಡ್ವೆ ಚೀಟಿ ಎತ್ತಿಸಿದರು. 2015ರಲ್ಲಿ ಬಂದ ಉತ್ತರದ ಪ್ರಕಾರ ತೆಗೆದವರ ಆಯುಸ್ಸಿನ ಮಧ್ಯಮ ಲೆಕ್ಕ 19.2 ತಿಂಗಳು, ತೆಗೆಯದವರದು 20.5. ಹಳೆಯ ದಾಖಲೆಗಳು ಸುಳ್ಳು ಹೇಳಿರಲಿಲ್ಲ, ಗಟ್ಟಿಮುಟ್ಟಾದವರನ್ನೇ ಸರ್ಜನ್‌ಗಳು ಥಿಯೇಟರಿಗೆ ಕರೆದೊಯ್ದಿದ್ದರು, ಅಷ್ಟೇ. ಟರ್ಕಿಯ ಒಂದು ಟ್ರಯಲ್ ಬೇರೆ ಮಾತು ಹೇಳಿದೆ, ಅಮೆರಿಕದ್ದು ಬಡ್ವೆ ಪಕ್ಕದಲ್ಲಿ ನಿಂತಿದೆ.

ಅವರ ಇನ್ನೊಂದು ಟ್ರಯಲ್ ಎಷ್ಟು ಸರಳವೆಂದರೆ ಕೇಳಿದವರು ಮೊದಲು ನಗುತ್ತಾರೆ. ಆಪರೇಷನ್ ಮಾಡುವ ಕೈಯೇ ಗಂಟನ್ನು ಹಿಸುಕಿ, ಎಳೆದಾಡಿ ಒಂದಷ್ಟು ಕೋಶಗಳನ್ನು ಕೆರಳಿಸಿ ರಕ್ತಕ್ಕೆ ಅಟ್ಟುತ್ತಿರಬಹುದು ಎಂಬುದು ಹಳೆಯ ಅನುಮಾನ. ಹಾಗಿದ್ದರೆ ಚಾಕು ಇಡುವ 7–10 ನಿಮಿಷ ಮೊದಲು ಗಂಟಿನ ಸುತ್ತ ಲಿಗ್ನೊಕೇನ್ ಚುಚ್ಚಿದರೆ? ಹಲ್ಲು ಕೀಳುವಾಗ ಒಸಡಿಗೆ ಕೊಡುತ್ತಾರಲ್ಲ, ಅದೇ ಮರಗಟ್ಟಿಸುವ ಔಷಧ. ಅದು ಕ್ಯಾನ್ಸರ್ ಕೋಶದ ಮೇಲಿನ ಸೋಡಿಯಂ ಬಾಗಿಲುಗಳನ್ನೂ ಮುಚ್ಚುತ್ತದೆ. ದೇಶದ 11 ಆಸ್ಪತ್ರೆಗಳಲ್ಲಿ 1,583 ಹೆಂಗಸರ ಲೆಕ್ಕ 2023ರಲ್ಲಿ ಪ್ರಕಟವಾಯಿತು. ಐದು ವರ್ಷಕ್ಕೆ ಬದುಕಿದ್ದವರು ಚುಚ್ಚುಮದ್ದು ಇಲ್ಲದ ಗುಂಪಿನಲ್ಲಿ ಶೇ. 86.4, ಇದ್ದ ಗುಂಪಿನಲ್ಲಿ ಶೇ. 90.1.

ನೂರಕ್ಕೆ ಮೂರ್ನಾಲ್ಕು ಜೀವ, ಯಾವ ಮೂಲೆಯ ಆಸ್ಪತ್ರೆಯಲ್ಲೂ ಇರುವ ಅಗ್ಗದ ಬಾಟಲಿಯಿಂದ. ಇಷ್ಟು ಒಳ್ಳೆಯ ಸುದ್ದಿಯನ್ನು ಒಂದೇ ಟ್ರಯಲ್ ನಂಬಿ ಒಪ್ಪಬಾರದು, ಇನ್ನೊಂದು ದೇಶದಲ್ಲಿ ಇನ್ನೊಬ್ಬರು ಮತ್ತೆ ಚೀಟಿ ಎತ್ತಿ ನೋಡಬೇಕು. ಹೊಸ ಮಾತ್ರೆಯಾಗಿದ್ದರೆ ಅದರ ಕಂಪನಿಯೇ ಖರ್ಚು ಹಾಕಿ ನಾಲ್ಕು ಖಂಡಗಳಲ್ಲಿ ಪರೀಕ್ಷೆ ಮಾಡಿಸುತ್ತಿತ್ತು. ಲಿಗ್ನೊಕೇನ್‌ಗೆ ಪೇಟೆಂಟ್ ಉಳಿದಿಲ್ಲ, ಅದರಿಂದ ಯಾರಿಗೂ ಲಾಭವಿಲ್ಲ. ಟಾಟಾ ಮೆಮೋರಿಯಲ್ ಇರುವುದು ಸರ್ಕಾರದ ಅಣುಶಕ್ತಿ ಇಲಾಖೆಯ ಅಡಿಯಲ್ಲಿ, ಹಾಗಾಗಿ ಮೊದಲ ಸಲದ ಚೀಟಿಯನ್ನು ಅಲ್ಲಿ ಎತ್ತಲು ಸಾಧ್ಯವಾಯಿತು.